ಗೂಬೆ ತಿರುಗಿ ನೋಡಿತು

ಗೆಳೆಯರೇ, ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಂದು ಬೆಳಿಗ್ಗೆ ನಾವು ಶಹಾಪುರದ ಹತ್ತು ಮಂದಿ ಶಿಕ್ಷಕರು ಹಕ್ಕಿ ನೋಡಲು ಸುರಪುರದ ಕಡೆಯ ಕಾಡಿಗೆ ಹೋಗಿದ್ದೆವು. ಎಲ್ಲರನ್ನೂ ಹೊರಡಿಸಿದ್ದ ಮಲ್ಲಣ್ಣ ಸರ್, ವ್ಯಾನ್ ಇಳಿಯುತ್ತಲೇ ನನ್ನ ಕೆಂಪು ಸ್ವೆಟರ್ ತೆಗೆಸಿದರು. "ಹಕ್ಕಿ ಬೆದರ್ತಾವ್ರಿ ಮೇಡಂ." ಚಳಿಯಲ್ಲಿ ನಡುಗುತ್ತ ನಡೆದೆ.

ಸ್ವಲ್ಪ ದೂರದಲ್ಲೇ ಬೇವಿನ ಮರದ ಪೊಟರೆಯಲ್ಲಿ ಒಂದು ಗೂಬೆ ಕೂತಿತ್ತು. ಕತ್ತು ತಿರುಗಿಸಿ ನೇರವಾಗಿ ಮಲ್ಲಣ್ಣ ಸರ್ ಅವರನ್ನೇ ನೋಡಿತು. ಅವರು ದುರ್ಬೀನು ಕೈಬಿಟ್ಟು, ಕಲ್ಲೆತ್ತಿ ಬೀಸಿಯೇಬಿಟ್ಟರು! ಗೂಬೆ ಬಿಸಿಲಿಗೆ ಹಾರಿತು. ಕಾಗೆಗಳು ಮುತ್ತಿಕೊಂಡು ಕುಕ್ಕತೊಡಗಿದವು.

"ಏನ್ ಮಾಡಾಕತ್ತೀರಿ ಸರ್?" ಎಂದು ಕಿರುಚಿದೆ.

"ನಾಳಿ ನನ್ ಮಗಳ್ನ ನೋಡಾಕ ಗಂಡಿನ ಕಡ್ಯಾವ್ರು ಬರಾಕತ್ತಾರ್ರಿ. ಮುಂಜಮುಂಜಾನೆ ಗೂಗಿ ಮಾರಿ ನೋಡಿದ್ರ ಹೆಂಗ?"

"ಹಕ್ಕಿ ನೋಡಾಕ ಅಲ್ಲೇನ್ರಿ ನಾವು ಬಂದಿದ್ದು?"

"ಚಲೋ ಹಕ್ಕಿ ನೋಡಾಕ್ರಿ!"

ಉಳಿದವರು ನನ್ನನ್ನೇ ಸುಮ್ಮನಾಗಿಸಿದರು. "ಬಿಡ್ರಿ ಮೇಡಂ, ಅವರವರ ನಂಬಿಕಿ."

ಕೆಂಪು ಸ್ವೆಟರ್ ಹಾಕಿಕೊಂಡು ವ್ಯಾನಿಗೆ ಮರಳಿ ಒಬ್ಬಳೇ ಕೂತೆ. ಈಗ ನಿಯಮ ಅರ್ಥವಾಗಿದೆ: ನಾವು ಹಕ್ಕಿಯನ್ನು ಎಷ್ಟು ಬೇಕಾದರೂ ನೋಡಬಹುದು, ಹಕ್ಕಿ ಮಾತ್ರ ನಮ್ಮನ್ನು ತಿರುಗಿ ನೋಡಬಾರದು.