ಹೊಳಬಸಪ್ಪನ ಹತ್ತು ವರ್ಷದ ಗ್ಯಾರಂಟಿ

ಇಳಕಲ್ಲಿನ ಕಲ್ಲುಕುಟಿಗ ಹೊಳಬಸಪ್ಪನ ಮೀಸೆಗೆ ಮೂರು ತಾಲೂಕಿನಲ್ಲಿ ಸರಿಸಾಟಿ ಇರಲಿಲ್ಲ. ಆ ಮೀಸೆಯನ್ನೇ ಅವನು ೧೯೭೪ರಲ್ಲಿ ಒಂದು ಕಲ್ಲುಬೆಂಚಿಗೆ ಒತ್ತೆಯಿಟ್ಟ.

ಕುಳಗೇರಿ ಕ್ರಾಸಿನ ಬಸಲಿಂಗವ್ವ, ತೀರಿಹೋದ ಗಂಡ ಅಂದಪ್ಪನ ನೆನಪಿಗೆಂದು, ಬಸ್ಸು ಕಾಯುವವರಿಗಾಗಿ ಬೇವಿನ ಮರದಡಿ ಆ ಬೆಂಚು ಹಾಕಿಸಿದ್ದಳು. ರೇಡಿಯೋ, ಗಡಿಯಾರಗಳ ಜೊತೆ ಗ್ಯಾರಂಟಿ ಚೀಟಿ ಬರುತ್ತಿದ್ದ ಕಾಲ. ಇಳಕಲ್ಲಿನ ಕೆಂಪು ಕಲ್ಲೇನು ರೇಡಿಯೋಗಿಂತ ಕಡಿಮೆಯೇ ಎಂದು ಹೊಳಬಸಪ್ಪನೂ ಒಂದು ಚೀಟಿ ಬರೆದುಕೊಟ್ಟ: ಹತ್ತು ವರ್ಷದೊಳಗೆ ಬೆಂಚು ಮುರಿದರೆ ಹೊಸದು ಹಾಕಿಕೊಡುತ್ತೇನೆ, ಅದರ ಮೇಲೆ ಕ್ರಾಸಿನಲ್ಲಿ ನಿಂತು ಮೀಸೆ ಬೋಳಿಸಿಕೊಳ್ಳುತ್ತೇನೆ.

ಸಹಿ ಒಣಗುವ ಮೊದಲೇ ಬೆಂಚಿಗೆ ನೀರು ಹೊಯ್ದು ತೊಳೆದರು. ಬಿಸಿಲಿಗೆ ಕಲ್ಲೆಲ್ಲ ಒಣಗಿತು; ನಟ್ಟನಡುವೆ ಕೂದಲೆಳೆಯಷ್ಟು ಒಂದು ಗೆರೆ ಮಾತ್ರ ಒದ್ದೆಯಾಗಿಯೇ ಉಳಿಯಿತು. ನೀರು ನಿಲ್ಲುವುದು ಬಿರುಕಿದ್ದಲ್ಲಿ. ಸುತ್ತಿಗೆಯಿಂದ ತಟ್ಟಿದ್ದರೆ ಖಾತ್ರಿಯಾಗುತ್ತಿತ್ತು: ಗಟ್ಟಿ ಕಲ್ಲು ಗಂಟೆಯಂತೆ ನುಡಿಯುತ್ತದೆ, ಸೀಳಿದ್ದು ಒಡಕು ಗಡಿಗೆಯಂತೆ. ಬೆಟ್ಟದಂಥ ಬಂಡೆಗಳನ್ನು ಸೀಳಿದ್ದ ಆ ವೀರ ಒಮ್ಮೆ ಮೀಸೆ ಮುಟ್ಟಿಕೊಂಡು, ತಟ್ಟದೆ ಬಸ್ಸು ಹತ್ತಿದ.

ಅವನನ್ನು ಕಾಪಾಡಿದ್ದು ಅವನದೇ ತಪ್ಪು. ಅಲ್ಲಿಯವರೆಗೆ ಬಾಗಿಲಪಟ್ಟಿಗಳಿಗೆ ಮಾತ್ರ ಹೆಸರು ಕೆತ್ತಿದ್ದವನು, ಎಲ್ಲರಿಗೂ ಕಾಣಲಿ ಎಂದು, ಕೂರುವ ಹಾಸಿನ ಮೇಲೆಯೇ ‘ಲಿಂಗೈಕ್ಯ ಅಂದಪ್ಪನವರ ಸ್ಮರಣಾರ್ಥ’ ಎಂದು ಗೇಣುದ್ದದ ಅಕ್ಷರ ಕೊರೆದಿದ್ದ. ಹಿರಿಯರ ಹೆಸರಿನ ಮೇಲೆ ಕುಂಡಿ ಊರುವ ಧೈರ್ಯ ಯಾರಿಗಿದೆ? ಜನ ಬೆಂಚಿನ ಪಕ್ಕದ ನೆಲದಲ್ಲಿ ಕುಳಿತರು. ಗುಳೇದಗುಡ್ಡದಿಂದ ಖಣದ ಬಟ್ಟೆಯ ಗಂಟು ಹೊತ್ತು ಬಂದವರು ಗಂಟನ್ನೂ ತೊಡೆಯ ಮೇಲಿಟ್ಟುಕೊಂಡರು. ಕೆಲವರು ಕಲ್ಲಿಗೆ ವಿಭೂತಿ ಹಚ್ಚಿ ಕೈಮುಗಿದರು. ಆ ಹಾದಿಯಲ್ಲಿ ಹೋದಾಗೆಲ್ಲ ಹೊಳಬಸಪ್ಪ ಬಸ್ಸಿನ ಕಿಟಕಿಯಿಂದ ಖಾಲಿ ಬೆಂಚು ನೋಡಿ, ಮೀಸೆ ತಿರುವಿಕೊಳ್ಳುತ್ತಿದ್ದ.

ಗ್ಯಾರಂಟಿ ಮುಗಿಯಲು ಹನ್ನೊಂದೇ ದಿನ ಉಳಿದಿದ್ದಾಗ ಬಸಲಿಂಗವ್ವ ಅವನನ್ನು ಕರೆಸಿದಳು.

“ನಮ್ಮನಿಯವರು ದಣದು ಬಂದವರನ್ನ ಎಂದೂ ನಿಂದ್ರಿಸಿದವರಲ್ಲ. ಹತ್ತು ವರ್ಷಾತು, ಒಬ್ಬರೂ ಕುಂತಿಲ್ಲ. ಆ ಕಲ್ಲು ಬೋರಲ ಹಾಕಪಾ.”

“ಇನ್ನ ಹನ್ನೊಂದು ದಿನ ತಡೀರಿ ಅವ್ವಾರ.”

“ಹನ್ನೊಂದು ದಿನ ತಡಿಯಾಕ ಇದೇನು ಸೂತಕೇನು? ನಮ್ಮ ಲಿಂಗವಂತರೊಳಗ ಮಂದಿಗೇ ಸೂತಕ ಇಲ್ಲ. ಕಲ್ಲಿಗೆ ಐತೇನು?”

ನಾಲ್ಕು ಜನ ಆಗಲೇ ಹಾರೆ ಹಿಡಿದು ನಿಂತಿದ್ದರು. ಎತ್ತುವಾಗ ಕಲ್ಲು ಎರಡಾಗಿ ಯಾರ ಕಾಲ ಮೇಲಾದರೂ ಬಿದ್ದರೆ? ಹೊಳಬಸಪ್ಪ ಅವರನ್ನು ತಡೆದು, ಗೆರೆಯ ಕಥೆಯನ್ನೆಲ್ಲ ಹೇಳಿಬಿಟ್ಟ. ಸುತ್ತಿಗೆ ತೆಗೆದ. ಕಣ್ಣು ಮುಚ್ಚಿ ತಟ್ಟಿದ.

ಕಲ್ಲು ಗಂಟೆಯಂತೆ ನುಡಿಯಿತು.

ಗೆರೆಯ ಆಚೆ ತಟ್ಟಿದ, ಈಚೆ ತಟ್ಟಿದ, ಗೆರೆಯ ಮೇಲೆಯೇ ತಟ್ಟಿದ. ಎಲ್ಲ ಕಡೆ ಅದೇ ನಾದ. ಬಿರುಕಲ್ಲ, ಬರೀ ಮೇಲಿನ ಗೀರು. ಹತ್ತು ವರ್ಷ ಹಿಡಿದಿಟ್ಟ ಉಸಿರು ಒಮ್ಮೆಲೇ ಹೊರಬಂದ ರಭಸಕ್ಕೆ ಮೀಸೆಯ ಎರಡೂ ತುದಿ ಹಾರಿದವು.

ಹೆಸರು ಕೆಳಗಾಗಿ ಕಲ್ಲು ಬೋರಲಾಯಿತು. ಮೊದಲು ಅವನು ಕುಳಿತ, ಆಮೇಲೆ ಹಾರೆಯವರು, ಕೊನೆಗೆ ಸೆರಗು ಸರಿಪಡಿಸಿಕೊಂಡು ಬಸಲಿಂಗವ್ವ. ಹೊಸ ಚೀಟಿ ಬರೆದುಕೊಡುತ್ತೀಯೇನು ಎಂದು ಕೇಳಿದಳು.

“ಹಳೇದರಾಗ ಇನ್ನ ಹನ್ನೊಂದು ದಿನ ಅದಾವಲ್ರಿ ಅವ್ವಾರ. ಅಷ್ಟರಾಗ ಕುಂಡ್ರೋರೆಲ್ಲ ಕುಂಡ್ರಲಿ.”

ಇಳಕಲ್ಲಿನ ಬಸ್ಸು ಬಂತು, ಹೋಯಿತು. ಹೊಳಬಸಪ್ಪ ಏಳಲಿಲ್ಲ.