ಆಷಾಢದಲ್ಲೇ ನಿಂತ ಅಮರೇಶನ ಬ್ಯಾಕಪ್

ನಮ್ಮ ಲಕ್ಷ್ಮೀಪುರಂನ ಪ್ರೇಮಲೀಲಾ ಅವರ ವಧೂವರರ ಕೇಂದ್ರದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನು ಅಮರೇಶ್. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸಾಗುವ ಜಾತಿ. ಇಂಥವರೇ ದೊಡ್ಡ ತಪ್ಪು ಮಾಡುವುದು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಲ್ಲಿ ಎರಡು ಕಂಪ್ಯೂಟರ್. ಗಂಡು ಹೆಣ್ಣುಗಳ ವಿವರವೆಲ್ಲ ಮೊದಲನೆಯದಕ್ಕೆ ಸೇರುತ್ತಿತ್ತು; ಎರಡನೆಯದು ಕೇಬಲ್ಲಿನ ಮೂಲಕ ಅದನ್ನೇ ಆಗಿಂದಾಗ ನಕಲು ಮಾಡಿಕೊಳ್ಳುತ್ತಿತ್ತು. ಮೊದಲನೆಯದರಿಂದ ಬ್ಯಾಕಪ್ ತೆಗೆದರೆ ಅದು ಆಮೆಯಾಗುತ್ತಿತ್ತು, ಎದುರಿಗೆ ಕೂತ ಹೆಣ್ಣು ಹೆತ್ತವರು ಗೊಣಗುತ್ತಿದ್ದರು. ಹಾಗಾಗಿ ಅಮರೇಶ್ ಪ್ರತಿ ಸಂಜೆ ಎರಡನೆಯದರಿಂದಲೇ ಸಿಡಿಗೆ ಬ್ಯಾಕಪ್ ಇಳಿಸುತ್ತಿದ್ದ.

ಎರಡು ಸಾವಿರದ ಐದರ ಆಷಾಢ ಬಂತು. ಹೆಣ್ಣು ಕೇಳುವವರೂ ಇಲ್ಲ, ಕೊಡುವವರೂ ಇಲ್ಲ. ಹೊಸ ಜೋಡಿ ಒಂದೇ ಸೂರಿನಡಿ ಇರಬಾರದೆಂದು ಹುಡುಗಿಯನ್ನು ತೌರಿಗೆ ಕಳಿಸುವ ತಿಂಗಳು. "ನಿನ್ನ ಜೋಡೀನೂ ಬೇರೆ ಇಡಪ್ಪ, ಕರೆಂಟಾದ್ರೂ ಉಳೀತದೆ" ಎಂದರು ಪ್ರೇಮಲೀಲಾ, ತಮಾಷೆಗೆ. ಅಮರೇಶ್ ಕೇಬಲ್ ಕಿತ್ತು ಎರಡನೆಯದನ್ನು ಆರಿಸಿಯೇಬಿಟ್ಟ.

ಶ್ರಾವಣದಲ್ಲಿ ಜನ ಮುಗಿಬಿದ್ದರು. ಆ ಗಡಿಬಿಡಿಯಲ್ಲಿ ಎರಡನೆಯದನ್ನು ಚಾಲೂ ಮಾಡಿದ, ಕೇಬಲ್ ಹಾಕುವುದನ್ನು ಮರೆತ. ಬ್ಯಾಕಪ್ ಮಾತ್ರ ಒಂದು ಸಂಜೆಯೂ ತಪ್ಪಿಸಲಿಲ್ಲ. ಸಿಡಿ ತುಂಬಿದೆಯೇ ಎಂದು ನೋಡುತ್ತಿದ್ದನೇ ಹೊರತು ಏನು ತುಂಬಿದೆ ಎಂದು ನೋಡಲಿಲ್ಲ. ಅದೇ ತಿಂಗಳು ಪ್ರೇಮಲೀಲಾ ಅವನಿಗೂ ಬೋಗಾದಿಯ ಶಿಲ್ಪಶ್ರೀಯನ್ನು ಗೊತ್ತು ಮಾಡಿದ್ದರು. ಹುಡುಗನ ಕಾಲು ನೆಲದ ಮೇಲಿರಲಿಲ್ಲ.

ಕಾರ್ತಿಕದಲ್ಲಿ ಮೊದಲನೆಯದರ ಡಿಸ್ಕ್ ಕೆಟ್ಟಿತು. ಅಮರೇಶ್ ಹೆಮ್ಮೆಯಿಂದಲೇ ಬ್ಯಾಕಪ್ ಹಾಕಿದ. ಅದರಲ್ಲಿದ್ದದ್ದು ಕೇಬಲ್ ಕಿತ್ತ ದಿನದವರೆಗಿನ ವಿವರ ಮಾತ್ರ. ಶ್ರಾವಣದಿಂದೀಚೆಗೆ ಮದುವೆ ಗೊತ್ತಾಗಿದ್ದವರೆಲ್ಲ ಮತ್ತೆ ಗಂಡು ಹುಡುಕುವವರೂ ಹೆಣ್ಣು ಹುಡುಕುವವರೂ ಆದರು. ಅವನು ಬೆಚ್ಚಿ ನೋಡುವಷ್ಟರಲ್ಲಿ ಕೇಂದ್ರದ ಫೋನ್ ನೋಡಿಕೊಳ್ಳುವ ಭಾಗ್ಯಮ್ಮ ತೆರೆಯ ಮೇಲೆ ಕಂಡ ಹೆಣ್ಣಿನ ಮನೆಗಳಿಗೆಲ್ಲ ಗಂಡು ಹೇಳಿಯಾಗಿತ್ತು. ಶಿಲ್ಪಶ್ರೀ ಮನೆಗೆ ಒಬ್ಬ ಇಂಜಿನಿಯರು, ಸ್ವಂತ ಮನೆ, ಕಾರು.

ಹುಡುಗನೇ ಕೈಬಿಡುವುದಕ್ಕೆ ಹೀಗೆ ದಾರಿ ಮಾಡಿಕೊಳ್ಳುತ್ತಿದ್ದಾನೆ ಎಂದುಕೊಂಡರು ಅವಳ ತಂದೆ ಶಿವಕುಮಾರ್. ಅಮರೇಶ್ ಎದ್ದೆನೋ ಬಿದ್ದೆನೋ ಎಂದು ಬೋಗಾದಿಗೆ ಓಡಿದ. ಅವರು ಒಳಗೆ ಕರೆಯಲಿಲ್ಲ. ಗೇಟಿನಲ್ಲೇ ನಿಂತು ಎರಡು ಕಂಪ್ಯೂಟರಿನ ಕಥೆ ಬಿಚ್ಚಿದ. ಅವರಿಗೆ ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಪಾಪ, ಅವನಿಗೆ ಅಳುವೊಂದು ಬಾಕಿ.

ಶಿಲ್ಪಶ್ರೀ ಹೊರಗೆ ಬಂದು, ಮರೆತದ್ದು ನಿಜವೇ ಎಂದು ಕೇಳಿದಳು.

"ಕೇಬಲ್ ಮರ್ತ್ಬುಟ್ಟೆ ಕಣ್ರೀ. ನಿಮ್ಮನ್ನಲ್ಲ."

ಅವಳು ಗೇಟು ತೆಗೆದಳು.

ಮಾಘದಲ್ಲಿ ಮದುವೆಯಾಯಿತು. ಮೊದಲ ಆಷಾಢಕ್ಕೆ ಶಿವಕುಮಾರ್ ಮಗಳನ್ನು ಕರೆದೊಯ್ಯಲು ಬಂದರೆ, ಅವಳು ಜಪ್ಪಯ್ಯ ಅಂದರೂ ಹೊರಡಲಿಲ್ಲ.

"ನಾನ್ ಬರಲ್ಲ ಕಣಪ್ಪ. ಶ್ರಾವಣ ಬಂದ್ರೂ ಇವ್ರು ಕರ್ಕೊಂಡ್ ಬರೋದ್ ಮರ್ತ್ಬುಡ್ತಾರೆ."