ನಿಲ್ಲದ ಟಿಕ್‌ಟಿಕ್

ಮನೆಯ ಮುಂದಿನ ಕೋಣೆಯೇ ನನ್ನ ಮೈದುನನ ಬೈಕ್ ಗ್ಯಾರೇಜು. ಅದು ನಡೆದರೆ ನಮ್ಮ ಒಲೆ ಉರಿಯುತ್ತದೆ. ಎಂಜಿನ್ ತಲೆಯೊಳಗೆ, ವಾಲ್ವನ್ನು ಒತ್ತಿ ತೆರೆಯುವ ಟಪ್ಪೆಟ್ ಎಂದಿರುತ್ತದೆ. ಅದರ ಸಂದಿಗೆ ಉಳಿದ ಮೆಕ್ಯಾನಿಕ್‌ಗಳು ತೆಳು ತಗಡು ತೂರಿಸಿ ಅಳೆಯುತ್ತಾರೆ. ಇವನು ಅಳೆದವನೇ ಅಲ್ಲ. ಬಿಗಿದು, ಎಂಜಿನ್ ಓಡಿಸಿ, ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ, ಟಿಕ್‌ಟಿಕ್ ಸದ್ದು ಸಣ್ಣಗಾಗುವ ತನಕ ಮತ್ತೆ ಬಿಗಿಯುತ್ತಿದ್ದ.

ಒಂದು ದಿನ ಬ್ರೆಡ್ ಮಾರುವವನು ಬೈಕನ್ನು ತಳ್ಳಿಕೊಂಡು ಬಂದ.

“ಇದೇನಣ್ಣ ನಿನ್ನ ಸರ್ವೀಸು! ಒದ್ದೂ ಒದ್ದೂ ಕಾಲೇ ಬಿದ್ದೋಯ್ತು.”

“ಚೋಕ್ ಎಳೆದ್ಯಾ?”

“ನಿನ್ನ ಕಿವಿ ಒಂದು ಬಿಟ್ಟು ಎಲ್ಲಾ ಎಳೆದೆ.”

ಮೈದುನ ಪ್ಲಗ್ ಬಿಚ್ಚಿ ಮಸಿ ಒರೆಸಿದ. ಕಿಡಿ ಚೆನ್ನಾಗಿತ್ತು. ಕಾರ್ಬೊರೇಟರ್ ತೊಳೆದ, ಏರ್ ಫಿಲ್ಟರಿನ ಧೂಳು ಕೊಡವಿದ. ಆದರೂ ಸ್ಟಾರ್ಟ್ ಆಗಲಿಲ್ಲ. ಕೊನೆಗೆ ಕಿಕ್ಕರನ್ನು ಅಂಗೈಯಲ್ಲಿ ಒತ್ತಿದ. ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು.

“ಕಂಪ್ರೆಷನ್ನೇ ಇಲ್ವಲ್ಲ” ಎಂದು ಮೇಲಿನ ಮುಚ್ಚಳ ತೆಗೆದ. ಟಪ್ಪೆಟ್ಟನ್ನು ಬೆರಳಲ್ಲಿ ಅಲ್ಲಾಡಿಸಿದರೆ ಮಿಸುಕಲಿಲ್ಲ. ಸಂದೇ ಇಲ್ಲದ್ದರಿಂದ ವಾಲ್ವು ಪೂರ್ತಿ ಮುಚ್ಚದೆ ಒಳಗಿನ ಒತ್ತಡವೆಲ್ಲ ಸೋರಿಹೋಗುತ್ತಿತ್ತು.

“ಯಾವನೋ ಕತ್ತು ಹಿಸುಕಿದ ಹಾಗೆ ಬಿಗಿದಿದ್ದಾನೆ.”

“ಯಾವನೋ ಅಲ್ಲಣ್ಣ, ನೀನೇ. ನಾನು ಬೇರೆಯವರ ಕೈಗೆ ಕೊಟ್ಟೇ ಇಲ್ಲ.”

ಮೈದುನ ಟಪ್ಪೆಟ್ಟನ್ನು ಸಡಿಲಿಸಿದ. ಒಂದೇ ಒದೆತಕ್ಕೆ ಎಂಜಿನ್ ಎದ್ದಿತು, ಹದವಾಗಿ ಓಡಿತು. ಇವನು ಸ್ಕ್ರೂಡ್ರೈವರನ್ನು ಕಿವಿಗಿಟ್ಟು ಮುಖ ಕಿವುಚಿದ.

“ಥೂ, ಇನ್ನೂ ಟಿಕ್‌ಟಿಕ್ ಅಂತಿದೆ” ಎಂದು ಮತ್ತೆ ಸ್ಪ್ಯಾನರ್ ಎತ್ತಿಕೊಂಡ.

ಅವನ ಹೆಂಡತಿ, ನನ್ನ ವಾರಗಿತ್ತಿ, ಒಳಗಿಂದ ಬಂದವಳೇ ಬೈಕಿನ ಕೀ ತಿರುಗಿಸಿ ಆರಿಸಿಬಿಟ್ಟಳು. ಅವನು ಸ್ಕ್ರೂಡ್ರೈವರನ್ನು ಕಿವಿಯಿಂದ ತೆಗೆಯಲಿಲ್ಲ.

“ಅತ್ತಿಗೆ, ಆಫ್ ಆದ್ಮೇಲೂ ಕೇಳ್ತಿದೆ ಅಲ್ವಾ?”

“ಇಲ್ಲಪ್ಪ. ನನಗೇನೂ ಕೇಳ್ತಿಲ್ಲ.”

“ಯಾವಾಗಿಂದ ರೀ ಹೀಗೆ?” ಎಂದಳು ವಾರಗಿತ್ತಿ.

“ಬಂದ ಬೈಕೆಲ್ಲಾ ಹಿಂಗೇ ಸದ್ದು ಮಾಡ್ತಿದ್ವು ಕಣೇ. ಎಲ್ಲಾನೂ ಬಿಗಿದೆ.”

ಬ್ರೆಡ್ಡಿನವನು ತನ್ನ ಬೈಕನ್ನು ಹಿಂದಕ್ಕೆ ಎಳೆದುಕೊಂಡ.

ಮಾರನೆಯ ದಿನ ಮೈದುನ ಮನೆಮನೆಗೆ ಹೋಗಿ, ಸಡಿಲಿಸಿ ಕೊಡುತ್ತೇನೆಂದು ಬೈಕುಗಳನ್ನು ವಾಪಸ್ಸು ಕೇಳಿದ. ಕೆಲವರು ಕೊಟ್ಟರು. ನಲ್ಲಿ ರಿಪೇರಿಯವನ ಬೈಕಿನಲ್ಲಿ ವಾಲ್ವು ಆಗಲೇ ಸುಟ್ಟುಹೋಗಿತ್ತು. ಅವನು ಬೀದಿಯಲ್ಲಿ ನಿಂತು ಕೂಗಾಡಿದ್ದು ಕೊನೆಯ ಮನೆಯವರಿಗೂ ಕೇಳಿಸಿತು. ಮೈದುನನಿಗೆ ಅರ್ಧಂಬರ್ಧ ಕೇಳಿಸಿತು. ಕಿವಿಯ ಡಾಕ್ಟರು ನೋಡಿ, ಸದ್ದು ಕಿವಿಯೊಳಗಿನದೇ, ಹೋಗುವಂಥದ್ದಲ್ಲ ಎಂದರು. ತಗಡು ಹಾಕಿ ಅಳೆದೇ ಮಾಡುತ್ತೇನೆ ಎಂದು ಇವನು ಎಷ್ಟು ಹೇಳಿಕೊಂಡರೂ ಯಾರೂ ಎಂಜಿನ್ ಬಿಚ್ಚಲು ಬಿಡಲಿಲ್ಲ.

ಈಗ ಪಂಕ್ಚರ್ ಮಾತ್ರ ಹಾಕುತ್ತಾನೆ. ಟ್ಯೂಬನ್ನು ನೀರಲ್ಲಿ ಮುಳುಗಿಸಿದರೆ ಗುಳ್ಳೆ ಏಳುತ್ತದೆ. ಅದು ಕಣ್ಣಿಗೆ ಕಾಣುತ್ತದೆ.